ಪಿಯಾನೋ ಬಿಟ್ಟು ಬೇಸ್ ಹಿಡಿಯಿರಿ: ಜಾಝ್ ಟ್ರಿಯೋ ಆಲ್ಬಂ ಕೇಳುವ ಕ್ರಮ

ಜಾಝ್ ಪಿಯಾನೋ ಟ್ರಿಯೋದ ಆಲ್ಬಂ ಹಾಕಿದ ಕೂಡಲೇ ಕಿವಿ ಪಿಯಾನೋದ ಬೆನ್ನು ಹತ್ತುತ್ತದೆ. ಅದು ಸಹಜವೇ. ಮಟ್ಟು ಅಲ್ಲಿದೆ, ಬೆರಳುಗಳ ಓಟ ಅಲ್ಲಿದೆ, ಹೊದಿಕೆಯ ಮೇಲೆ ದೊಡ್ಡಕ್ಷರದಲ್ಲಿರುವ ಹೆಸರೂ ಪಿಯಾನೋ ವಾದಕರದೇ. ಆದರೆ ಹಾಗೆ ಕೇಳುತ್ತಾ ಹೋದವರಿಗೆ ಎರಡನೆಯ ರಚನೆಗೆ ಬರುವಷ್ಟರಲ್ಲಿ ಎಲ್ಲವೂ ಒಂದೇ ತರಹ ಅನಿಸತೊಡಗುತ್ತದೆ. ಮೂರನೆಯದರ ಹೊತ್ತಿಗೆ ಅದು ಹೋಟೆಲ್ ಲಾಬಿಯ ಹಿನ್ನೆಲೆ ಸಂಗೀತವಾಗಿಬಿಡುತ್ತದೆ.

ಇದಕ್ಕೆ ಸುಲಭವಾದ ಪರಿಹಾರವಿದೆ. ಮೊದಲು ಬೇಸ್ ಕೇಳಬೇಕು. ಆಮೇಲೆ ಡ್ರಮ್ಸ್. ಪಿಯಾನೋ ಕೊನೆಗೆ.

ಈ ಕ್ರಮವನ್ನು ಕಲಿಯಲು ಒಂದೇ ಒಂದು ಆಲ್ಬಂ ಸಾಕು: ಅಮೆರಿಕದ ಬಿಲ್ ಇವಾನ್ಸ್ ಟ್ರಿಯೋದ ‘ವಾಲ್ಟ್ಸ್ ಫಾರ್ ಡೆಬಿ’. 1962ರಲ್ಲಿ ಬಿಡುಗಡೆಯಾದ ಇದರಲ್ಲಿ ಆರು ರಚನೆಗಳಿವೆ. ಒಟ್ಟು ಅವಧಿ ನಲವತ್ತು ನಿಮಿಷಕ್ಕಿಂತ ತುಸು ಕಡಿಮೆ. ಪಿಯಾನೋ ಇವಾನ್ಸ್, ಬೇಸ್ ಸ್ಕಾಟ್ ಲಫಾರೋ, ಡ್ರಮ್ಸ್ ಪಾಲ್ ಮೋಟಿಯನ್. ಇದಕ್ಕಿಂತ ಹೆಚ್ಚು ರಭಸದ, ಹೆಚ್ಚು ಮೆರುಗಿನ ಟ್ರಿಯೋ ಆಲ್ಬಂಗಳು ಬೇಕಾದಷ್ಟಿವೆ. ಆದರೂ ಕಲಿಯುವವರಿಗೆ ಇದನ್ನೇ ಹೇಳಬೇಕಾದ ಕಾರಣ ಸ್ಪಷ್ಟ. ಇಲ್ಲಿ ಬೇಸ್ ಮತ್ತು ಡ್ರಮ್ಸ್ ಪಿಯಾನೋಗೆ ಪಕ್ಕವಾದ್ಯಗಳಾಗಿ ನಿಂತಿಲ್ಲ. ಮೂವರೂ ಒಂದೇ ಹೊತ್ತಿನಲ್ಲಿ ಮನೋಧರ್ಮ ನುಡಿಸುತ್ತಾರೆ. ಪಿಯಾನೋ ಒಂದನ್ನೇ ಹಿಂಬಾಲಿಸಿದ ಕಿವಿಗೆ ಇಲ್ಲಿ ಅರ್ಧಕ್ಕಿಂತ ಹೆಚ್ಚು ಸಂಗೀತ ತಪ್ಪಿಹೋಗುತ್ತದೆ.

ನೆಲಮಾಳಿಗೆಯ ಒಂದು ಭಾನುವಾರ

ಆಲ್ಬಂ ಹಾಕುವ ಮೊದಲು ಅದು ಎಲ್ಲಿ ಹೇಗೆ ಧ್ವನಿಮುದ್ರಣವಾಯಿತು ಎಂದು ತಿಳಿದಿದ್ದರೆ ಕೇಳುವಾಗ ಬಹಳ ಸಹಾಯವಾಗುತ್ತದೆ. ನ್ಯೂಯಾರ್ಕಿನ ಗ್ರೆನಿಚ್ ವಿಲೇಜ್ ಭಾಗದಲ್ಲಿ, ಸೆವೆಂತ್ ಅವೆನ್ಯೂ ಸೌತ್ ರಸ್ತೆಯಲ್ಲಿ ‘ವಿಲೇಜ್ ವ್ಯಾನ್‌ಗಾರ್ಡ್’ ಎಂಬ ಕ್ಲಬ್ಬಿದೆ. 1935ರಲ್ಲಿ ಮ್ಯಾಕ್ಸ್ ಗಾರ್ಡನ್ ಆರಂಭಿಸಿದ ಕ್ಲಬ್ ಅದು. ಬೀದಿಯಿಂದ ಮೆಟ್ಟಿಲಿಳಿದು ಹೋಗಬೇಕಾದ ನೆಲಮಾಳಿಗೆ. ಜಾಗ ಚಿಕ್ಕದು, ಕೂರಲು ನೂರಿಪ್ಪತ್ತರ ಆಸುಪಾಸು ಜನಕ್ಕೆ ಸ್ಥಳ.

1961ರ ಜೂನ್ 25, ಭಾನುವಾರ. ಎರಡು ವಾರಗಳ ಕಾರ್ಯಕ್ರಮದ ಕೊನೆಯ ದಿನ. ಟ್ರಿಯೋ ಮಧ್ಯಾಹ್ನ ಎರಡು ಸುತ್ತು, ಸಂಜೆಯಿಂದ ರಾತ್ರಿಯವರೆಗೆ ಮೂರು ಸುತ್ತು ನುಡಿಸಿತು. ರಿವರ್‌ಸೈಡ್ ಕಂಪನಿಯ ನಿರ್ಮಾಪಕ ಆರಿನ್ ಕೀಪ್‌ನ್ಯೂಸ್ ಮತ್ತು ಧ್ವನಿಮುದ್ರಕ ಡೇವ್ ಜೋನ್ಸ್ ಅದೆಲ್ಲವನ್ನೂ ಟೇಪಿಗೆ ಇಳಿಸಿಕೊಂಡರು. ಮೊದಲ ರಚನೆಯ ನಡುವೆಯೇ ವಿದ್ಯುತ್ ಕೈಕೊಟ್ಟು ಧ್ವನಿ ಕ್ಷಣಕಾಲ ಕಡಿದುಹೋಯಿತು. ಆ ಕಡಿದ ತುಣುಕನ್ನೂ 2005ರಲ್ಲಿ ಬಂದ ಸಂಪೂರ್ಣ ಸಂಪುಟದಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ.

ಹನ್ನೊಂದು ದಿನಗಳ ನಂತರ, ಜುಲೈ 6ರಂದು, ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 25. ಆ ಭಾನುವಾರದ ಟೇಪುಗಳಿಂದ ಮೊದಲು ಹೊರಬಂದದ್ದು ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’. ಲಫಾರೋ ವಾದನ ಎದ್ದು ಕಾಣುವ ರಚನೆಗಳನ್ನೇ ಅದಕ್ಕಾಗಿ ಆರಿಸಿದರು. ಆಲ್ಬಂ ಶುರುವಾಗುವುದೂ ಮುಗಿಯುವುದೂ ಅವರದೇ ರಚನೆಗಳಿಂದ. ಉಳಿದ ಭಂಡಾರದಿಂದ ‘ವಾಲ್ಟ್ಸ್ ಫಾರ್ ಡೆಬಿ’ ರೂಪುಗೊಂಡಿತು. ಇವಾನ್ಸ್ ಕೆಲವು ತಿಂಗಳು ವೇದಿಕೆಯಿಂದಲೇ ದೂರ ಉಳಿದರು.

ಈ ಕಥೆ ಗೊತ್ತಾದ ಮೇಲೆ ಆಲ್ಬಂ ಅನ್ನು ಶೋಕಗೀತೆಯಂತೆ ಕೇಳುವ ಮನಸ್ಸಾಗುತ್ತದೆ. ಅದನ್ನು ತಡೆಯಬೇಕು. ಅಂದು ಆ ಮೂವರಿಗೆ ಏನೂ ಗೊತ್ತಿರಲಿಲ್ಲ. ಅದು ಅವರಿಗೆ ಕೆಲಸದ ದಿನ, ಅದೂ ಕೈ ಚೆನ್ನಾಗಿ ಕೂಡಿಬಂದ ದಿನ. ಲಫಾರೋ ನುಡಿಸಾಣಿಕೆಯಲ್ಲಿ ಹುಮ್ಮಸ್ಸಿದೆ, ಚೇಷ್ಟೆಯಿದೆ. ದುಃಖ ಹುಡುಕುತ್ತಾ ಕೂತರೆ ಅವೆರಡೂ ಕೇಳಿಸುವುದಿಲ್ಲ.

ಮೊಬೈಲ್ ಸ್ಪೀಕರ್ ಬೇಡ

ಡಬಲ್ ಬೇಸ್‌ನ ಅತಿ ತಗ್ಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಮೊಬೈಲಿನ ಪುಟಾಣಿ ಸ್ಪೀಕರಿಗೆ ಆ ಆಳಕ್ಕೆ ಇಳಿಯುವ ಶಕ್ತಿಯಿಲ್ಲ. ಅದರಲ್ಲಿ ಕೇಳಿದರೆ ಬೇಸ್‌ನ ಮೇಲಿನ ಎಳೆ ಮಾತ್ರ ತೆಳ್ಳಗೆ ತಲುಪುತ್ತದೆ, ತಳ ಮಾಯವಾಗುತ್ತದೆ. ಹಾಗಾಗಿ ಹೆಡ್‌ಫೋನ್, ಇಯರ್‌ಫೋನ್ ಅಥವಾ ಸಾಧಾರಣ ಮಟ್ಟದ ಜೋಡಿ ಸ್ಪೀಕರ್ ಬೇಕೇ ಬೇಕು. ದುಬಾರಿಯದೇ ಆಗಬೇಕಿಲ್ಲ. ಬೇಸ್ ಹೆಚ್ಚಿಸುವ ಈಕ್ವಲೈಝರ್, ಧ್ವನಿಯನ್ನು ಸುತ್ತ ಹರಡುವ ಕೃತಕ ಪರಿಣಾಮಗಳು ಏನಾದರೂ ಇದ್ದರೆ ಆಫ್ ಮಾಡಿಬಿಡಿ. ಬೇಸ್ ಹೆಚ್ಚಿಸಿದರೆ ಬೇಸ್ ಚೆನ್ನಾಗಿ ಕೇಳಿಸುತ್ತದೆ ಎಂದುಕೊಳ್ಳುವುದು ಸರಿಯಲ್ಲ. ಸ್ವರಗಳ ಅಂಚು ಮಸುಕಾಗಿ ಬರೀ ಗುಂಯ್‌ಗುಟ್ಟುವಿಕೆ ಉಳಿಯುತ್ತದೆ.

ಆ್ಯಪ್‌ನಲ್ಲಿ ಹುಡುಕುವಾಗ ಎರಡು ಎಚ್ಚರಿಕೆ. ಇವಾನ್ಸ್ 1964ರಲ್ಲಿ ಸ್ವೀಡನ್ನಿನ ಗಾಯಕಿ ಮೋನಿಕಾ ಸೆಟರ್‌ಲುಂಡ್ ಜೊತೆ ಮಾಡಿದ ಆಲ್ಬಂಗೂ ಇದೇ ಹೆಸರಿದೆ. ಅದೂ ಸೊಗಸಾದದ್ದೇ, ಆದರೆ ಇಲ್ಲಿಗೆ ಬೇಕಾದದ್ದು ಅದಲ್ಲ. ಹಾಡುಗಾರಿಕೆ ಕೇಳಿಸಿತೆಂದರೆ ಬೇರೆ ಆಲ್ಬಂ ಎಂದು ತಿಳಿಯಿರಿ. ಎರಡನೆಯದಾಗಿ, ಸಿ.ಡಿ. ಕಾಲದಿಂದ ಈಚೆಗೆ ಬಂದ ಹಲವು ಆವೃತ್ತಿಗಳಲ್ಲಿ ಅದೇ ರಚನೆಗಳ ಬೇರೆ ಟೇಕ್‌ಗಳನ್ನು ಕೊನೆಗೆ ಸೇರಿಸಿದ್ದಾರೆ. ಮೊದಲ ಸಲ ಆರು ರಚನೆ ಮುಗಿದ ಕೂಡಲೇ, ಅಂದರೆ ‘ಮೈಲ್‌ಸ್ಟೋನ್ಸ್’ ಆದ ಮೇಲೆ, ನಿಲ್ಲಿಸಿ. ಷಫಲ್ ಮತ್ತು ಆಟೋಪ್ಲೇ ಎರಡೂ ಆಫ್ ಆಗಿರಲಿ.

ಧ್ವನಿಯ ಮಟ್ಟವನ್ನು ಹೊಂದಿಸಿಕೊಳ್ಳಲು ಒಂದು ಗುರುತು ಇದೆ. ಡ್ರಮ್ ಮೇಲೆ ತಂತಿಕುಚ್ಚು ಸವರುವ ಸಪ್ಪಳ ಶ್ರಮವಿಲ್ಲದೆ ಕೇಳಿಸುವಷ್ಟು ಏರಿಸಿ. ಅದಕ್ಕಿಂತ ಹೆಚ್ಚು ಬೇಡ. ಗ್ಲಾಸುಗಳ ಸದ್ದು, ಮೇಜುಗಳ ಕಡೆಯಿಂದ ಮಾತು, ನಗು ಕೂಡ ಕೇಳಿಸುತ್ತವೆ. ಅದು ಟೇಪಿನ ದೋಷವಲ್ಲ, ಕ್ಲಬ್ಬಿನ ಗಿರಾಕಿಗಳದ್ದು. ಮೊದಮೊದಲು ಕಿರಿಕಿರಿ ಎನಿಸಿದರೂ, ಆ ಕೋಣೆಯ ಗಾತ್ರ ಎಷ್ಟು, ಜನ ಎಷ್ಟು ಹತ್ತಿರ ಕೂತಿದ್ದರು ಎಂಬುದನ್ನು ಕಿವಿಗೆ ಹೇಳುವುದು ಆ ಸದ್ದುಗಳೇ.

ಮೊದಲು ಎಣಿಸುವುದನ್ನು ಕಲಿಯಿರಿ

ಇವಾನ್ಸ್ ಆಲ್ಬಂಗೆ ನೇರವಾಗಿ ಹೋಗುವ ಬದಲು ಮೂರೂವರೆ ನಿಮಿಷದ ಒಂದು ಅಭ್ಯಾಸ ಮಾಡಿಕೊಂಡರೆ ದಾರಿ ಸಲೀಸು. ಕೆನಡಾದ ಆಸ್ಕರ್ ಪೀಟರ್ಸನ್ ಅವರ ಟ್ರಿಯೋ 1962ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದ ‘ನೈಟ್ ಟ್ರೈನ್’ ಆಲ್ಬಂನಲ್ಲಿ ‘ಸಿ ಜ್ಯಾಮ್ ಬ್ಲೂಸ್’ ಇದೆ. ಡ್ಯೂಕ್ ಎಲಿಂಗ್ಟನ್ ಹೆಸರಿನ ಈ ರಚನೆಯ ಮಟ್ಟಿನಲ್ಲಿ ಇರುವುದು ಎರಡೇ ಸ್ವರ. ಯಾರಿಗೂ ಒಂದೇ ಸಲಕ್ಕೆ ನೆನಪುಳಿಯುತ್ತದೆ.

ಇದು ಹನ್ನೆರಡು ಬಾರ್‌ಗಳ ಬ್ಲೂಸ್. ಒಂದು ಬಾರ್‌ಗೆ ನಾಲ್ಕು ಎಣಿಕೆ. ‘ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು’ ಎಂದು ಹನ್ನೆರಡರವರೆಗೆ ಎಣಿಸಿದರೆ ಒಂದು ಸುತ್ತು ಪೂರ್ತಿ. ಆಮೇಲೆ ಮತ್ತೆ ಒಂದರಿಂದ. ಜಾಝ್‌ನವರು ಈ ಸುತ್ತಿಗೆ ಕೋರಸ್ ಎನ್ನುತ್ತಾರೆ. ಕಛೇರಿ ಕೇಳಿ ಅಭ್ಯಾಸವಿರುವವರಿಗೆ ಇದು ಹೊಸತೇನಲ್ಲ: ತಾಳದ ಆವರ್ತ ತಿರುಗುತ್ತಿರುತ್ತದೆ, ಕಲ್ಪನಾಸ್ವರ ಅದರೊಳಗೆ ಎಲ್ಲೆಲ್ಲೋ ಹೋಗಿ ಎಡುಪಿಗೆ ಬಂದು ಸೇರುತ್ತದೆ. ವ್ಯತ್ಯಾಸ ಒಂದಿದೆ. ಜಾಝ್ ಆವರ್ತದೊಳಗೆ ಮಾತ್ರೆಗಳ ಜೊತೆಗೆ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲುಗಳ, ಒಂದು ನಿಗದಿತ ಸಾಲು ಇರುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಸಾಲು, ಅದೇ ಜಾಗದಲ್ಲಿ. ವಾದಕ ತನ್ನ ಮನೋಧರ್ಮವನ್ನು ಆ ಸಾಲಿನ ಮೇಲೆ ಕಟ್ಟುತ್ತಾ ಹೋಗಬೇಕು.

ಈ ಅಭ್ಯಾಸಕ್ಕೆ ಪೀಟರ್ಸನ್ ಟ್ರಿಯೋ ಹೇಳಿಮಾಡಿಸಿದ್ದು. ರೇ ಬ್ರೌನ್ ಅವರ ಬೇಸ್ ಇಲ್ಲಿ ಬಹುಪಾಲು ಎಣಿಕೆಗೊಂದು ಸ್ವರದಂತೆ ಹೆಜ್ಜೆ ಹಾಕುತ್ತದೆ. ಇದಕ್ಕೆ ವಾಕಿಂಗ್ ಬೇಸ್ ಎಂದು ಹೆಸರು. ಎಡ್ ಥಿಗ್‌ಪೆನ್ ಡ್ರಮ್ಸ್ ಅದಕ್ಕೆ ಭದ್ರವಾಗಿ ಅಂಟಿಕೊಂಡಿರುತ್ತದೆ. ಬೇಸ್ ಜೊತೆ ಬೆರಳು ಮಡಿಸುತ್ತಾ ಎಣಿಸಿ. ಎಣಿಕೆ ತಪ್ಪಿದರೆ ಪರವಾಗಿಲ್ಲ, ಮುಂದಿನ ಸುತ್ತು ಎಲ್ಲಿ ಶುರುವಾಯಿತು ಎಂದು ಗುರುತಿಸಿ ಅಲ್ಲಿಂದ ಹಿಡಿಯಿರಿ. ಎರಡು ಮೂರು ಸಲ ಕೇಳುವಷ್ಟರಲ್ಲಿ ಲೆಕ್ಕ ಹಾಕದೆಯೇ ‘ಸುತ್ತು ಮುಗಿಯುತ್ತಾ ಬಂತು’ ಎಂದು ಮೈಗೇ ಗೊತ್ತಾಗತೊಡಗುತ್ತದೆ. ಅಷ್ಟಾದರೆ ಸಿದ್ಧತೆ ಮುಗಿಯಿತು.

ಮೊದಲ ಸುತ್ತು: ಬೇಸ್ ಮಾತ್ರ

ಈಗ ‘ವಾಲ್ಟ್ಸ್ ಫಾರ್ ಡೆಬಿ’ಯ ಮೊದಲ ರಚನೆ, ‘ಮೈ ಫೂಲಿಶ್ ಹಾರ್ಟ್’. ವಿಕ್ಟರ್ ಯಂಗ್ 1949ರ ಅದೇ ಹೆಸರಿನ ಚಲನಚಿತ್ರಕ್ಕಾಗಿ ಮಾಡಿದ ಹಾಡು ಇದರ ಮೂಲ. ಅವಧಿ ಸುಮಾರು ಐದು ನಿಮಿಷ, ನಡೆ ತುಂಬಾ ನಿಧಾನ. ಇವಾನ್ಸ್ ಮಟ್ಟನ್ನು ಬಿಟ್ಟು ದೂರ ಹೋಗುವುದೇ ಇಲ್ಲ. ಆದ್ದರಿಂದಲೇ ಪಿಯಾನೋವನ್ನು ಅದರ ಪಾಡಿಗೆ ಬಿಟ್ಟು ಬೇಸ್‌ಗೆ ಕಿವಿಗೊಡುವುದು ಇಲ್ಲಿ ಸುಲಭ.

ಲಫಾರೋ ಒಂದು ತಗ್ಗಿನ ಸ್ವರ ಮೀಟಿ ಬಿಡುತ್ತಾರೆ. ಅದು ಎಷ್ಟು ಹೊತ್ತು ಉಳಿಯುತ್ತದೆ, ಯಾವಾಗ ಕರಗುತ್ತದೆ ಎಂದು ಕೇಳಿ. ಮುಂದಿನ ಸ್ವರ ಎಣಿಕೆಯ ಮೇಲೇ ಬಂತೇ, ತುಸು ತಡವಾಗಿ ಬಂತೇ? ಎಲ್ಲಿ ಸುಮ್ಮನಾದರು? ಐದು ನಿಮಿಷದ ಪೂರ್ತಿ ಗಮನ ಈ ಮೂರು ಪ್ರಶ್ನೆಗಳ ಮೇಲಿರಲಿ. ಕಿವಿ ಪದೇ ಪದೇ ಪಿಯಾನೋ ಕಡೆಗೆ ಜಾರುತ್ತದೆ. ಜಾರಿದಾಗಲೆಲ್ಲ ಕೆಳಗಿನ ಸ್ವರಕ್ಕೆ ಮರಳಿ ಬನ್ನಿ. ಈ ಸ್ಟೀರಿಯೋ ಮುದ್ರಣದಲ್ಲಿ ಬೇಸ್ ಮತ್ತು ಡ್ರಮ್ಸ್ ಬೇರೆಬೇರೆ ಕಡೆ ಕೂತಂತೆ ಕೇಳಿಸುವುದರಿಂದ, ಹೆಡ್‌ಫೋನ್ ಹಾಕಿದವರು ಬೇಸ್ ಯಾವ ಕಿವಿಯಲ್ಲಿ ಗಟ್ಟಿಯಾಗಿದೆ ಎಂದು ಮೊದಲೇ ಗುರುತಿಸಿಕೊಂಡರೆ ಕೆಲಸ ಇನ್ನೂ ಹಗುರ.

ಮುಂದಿನದು ಆಲ್ಬಂಗೆ ಹೆಸರು ಕೊಟ್ಟ ರಚನೆ. ಇವಾನ್ಸ್ ತಮ್ಮ ಅಣ್ಣ ಹ್ಯಾರಿಯ ಮಗಳು ಡೆಬಿಗಾಗಿ ಮಾಡಿದ ಮಟ್ಟು ಇದು. 1956ರ ತಮ್ಮ ಮೊದಲ ಆಲ್ಬಂನಲ್ಲಿ ಒಬ್ಬರೇ ಕೂತು ಒಂದೂಕಾಲು ನಿಮಿಷದಲ್ಲಿ ನುಡಿಸಿ ಮುಗಿಸಿದ್ದರು. ಇಲ್ಲಿ ಅದು ಏಳು ನಿಮಿಷಕ್ಕೆ ಬೆಳೆದಿದೆ.

ಮೊದಲ ಒಂದು ನಿಮಿಷದಷ್ಟು ಹೊತ್ತು ಪಿಯಾನೋ ಮತ್ತು ಬೇಸ್ ಇಬ್ಬರದೇ ಸಂಭಾಷಣೆ, ಮೂರೆಣಿಕೆಯ ವಾಲ್ಟ್ಸ್ ನಡೆಯಲ್ಲಿ. ಒಂದು-ಎರಡು-ಮೂರು, ಒಂದು-ಎರಡು-ಮೂರು. ಲಫಾರೋ ಕೆಳಗಿನ ಸ್ವರ ಹಿಡಿದು ಕೂರುವುದಿಲ್ಲ. ಪಿಯಾನೋ ಮಟ್ಟು ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಅವರ ಎಳೆ ಮೇಲೇರಿ ಬರುತ್ತದೆ, ಮಟ್ಟು ಮುಂದುವರಿದಾಗ ಇಳಿಯುತ್ತದೆ. ಆಮೇಲೆ ಡ್ರಮ್ಸ್ ಪ್ರವೇಶಿಸುತ್ತದೆ, ಮೂರೆಣಿಕೆ ನಾಲ್ಕೆಣಿಕೆಯಾಗುತ್ತದೆ, ಇಡೀ ರಚನೆ ನಡಿಗೆ ಬದಲಿಸುತ್ತದೆ. ಎಣಿಸುತ್ತಿದ್ದವರಿಗೆ ಈ ತಿರುವು ಕೊಡುವ ಸಂತೋಷ ಎಣಿಸದವರಿಗೆ ದಕ್ಕುವುದಿಲ್ಲ. ಅವರಿಗೆ ‘ಏನೋ ಚುರುಕಾಯಿತು’ ಎಂದಷ್ಟೇ ಅನಿಸುತ್ತದೆ. ಈ ಒಂದು ಜಾಗವನ್ನು ಹಿಂದಕ್ಕೆ ಹೋಗಿ ಹೋಗಿ ಕೇಳಬೇಕು, ತಿರುವು ಕೈಗೆ ಸಿಗುವವರೆಗೆ.

ಮುಂದೆ ಲಫಾರೋ ಅವರ ಸೋಲೋ ಬರುತ್ತದೆ. ಅವರು ಬೇಸ್‌ನ ಕುತ್ತಿಗೆಯ ತುದಿಯವರೆಗೂ ಏರಿ ಗಿಟಾರಿನಷ್ಟು ಚುರುಕಾಗಿ ನುಡಿಸುವುದನ್ನು ಇಲ್ಲಿ ಗಮನಿಸಬಹುದು. ಅವರ ವಾದ್ಯ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಏಬ್ರಹಾಂ ಪ್ರೆಸ್ಕಾಟ್ ಸುಮಾರು 1825ರಲ್ಲಿ ಮಾಡಿದ್ದು. ತಂತಿಗಳನ್ನು ಬೆರಳುಹಲಗೆಗೆ ಹತ್ತಿರ ಇಳಿಸಿಕೊಂಡು, ಬಲಗೈಯ ಎರಡು ಬೆರಳುಗಳನ್ನು ಒಂದಾದ ಮೇಲೊಂದು ಬಳಸಿ ಮೀಟುವುದರಿಂದ ಆ ವೇಗ ಸಾಧ್ಯವಾಯಿತು. ಅಪಘಾತದಲ್ಲಿ ಆ ಬೇಸ್ ತೀವ್ರವಾಗಿ ಜಖಂಗೊಂಡಿತು. ಅದನ್ನು ಎಷ್ಟೋ ವರ್ಷಗಳ ನಂತರ ದುರಸ್ತಿ ಮಾಡಿ ಮತ್ತೆ ನುಡಿಸುವಂತೆ ಮಾಡಿದ್ದಾರೆ.

‘ಡಿಟೂರ್ ಅಹೆಡ್’ ಮತ್ತೊಂದು ನಿಧಾನ ರಚನೆ. ಮೊದಲ ಕೇಳಿಕೆಗೆ ಅದರಲ್ಲಿ ಹೆಚ್ಚು ಹುಡುಕುವುದು ಬೇಡ, ಸುಮ್ಮನೆ ಕೇಳಿ ದಾಟಿ.

ಎರಡನೆಯ ಸುತ್ತು: ಕುಚ್ಚು, ಕೋಲು, ತಾಳತಟ್ಟೆ

ಮರುದಿನವೋ ಒಂದು ವಾರ ಬಿಟ್ಟೋ ಆಲ್ಬಂ ಮತ್ತೆ ಹಾಕಿ. ಒಂದೇ ದಿನ ಎರಡು ಸಲ ಬೇಡ. ಕಿವಿ ದಣಿದಾಗ ಮೋಟಿಯನ್ ಥರದ ಡ್ರಮ್ಮರ್ ಕೇಳಿಸುವುದೇ ಇಲ್ಲ.

ಡ್ರಮ್ ಸೆಟ್ಟಿನಲ್ಲಿ ಈ ಆಲ್ಬಂಗೆ ಮುಖ್ಯವಾದದ್ದು ಮೂರು. ಕಾಲುಗಳ ನಡುವೆ ಇರುವ ಸ್ನೇರ್ ಡ್ರಮ್. ಅದರ ಮೇಲೆ ಮೋಟಿಯನ್ ಕೋಲಿನ ಬದಲು ಬಹಳ ಕಡೆ ಬ್ರಷ್, ಅಂದರೆ ಸಣ್ಣ ತಂತಿಗಳ ಕುಚ್ಚು, ಸವರುತ್ತಾರೆ. ಬಲಗಡೆ ತೂಗುವ ದೊಡ್ಡ ತಾಳತಟ್ಟೆ, ಅಂದರೆ ರೈಡ್ ಸಿಂಬಲ್. ಎಡಗಾಲಿನ ಕೆಳಗೆ ‘ಚಿಕ್’ ಎಂದು ಮುಚ್ಚಿಕೊಳ್ಳುವ ಹೈ-ಹ್ಯಾಟ್ ಜೋಡಿ. ಸಾಮಾನ್ಯ ಜಾಝ್ ನುಡಿಸಾಣಿಕೆಯಲ್ಲಿ ಆ ‘ಚಿಕ್’ ನಾಲ್ಕೆಣಿಕೆಯ ಎರಡನೆಯ ಮತ್ತು ನಾಲ್ಕನೆಯ ಎಣಿಕೆಯ ಮೇಲೆ ಬೀಳುತ್ತದೆ. ‘ನೈಟ್ ಟ್ರೈನ್’ ಮತ್ತೆ ಹಾಕಿ ಥಿಗ್‌ಪೆನ್ ಅವರ ಎಡಗಾಲನ್ನು ಹಿಡಿಯಿರಿ. ಅದು ಗಡಿಯಾರದ ಹಾಗೆ. ಚಪ್ಪಾಳೆ ತಟ್ಟುವುದಾದರೂ ಒಂದು ಮತ್ತು ಮೂರಕ್ಕೆ ತಟ್ಟದೆ ಎರಡು ಮತ್ತು ನಾಲ್ಕಕ್ಕೇ ತಟ್ಟಿ ನೋಡಿ. ಆ ಸಂಗೀತದ ತೂಗಾಟ ಆಗ ಮೈಗೆ ಬರುತ್ತದೆ.

ಮೋಟಿಯನ್ ಈ ನಿಯಮವನ್ನು ಬೇಕಾದಾಗ ಪಾಲಿಸುತ್ತಾರೆ, ಬೇಡವಾದಾಗ ಬಿಡುತ್ತಾರೆ. ಕೆಲವು ಕಡೆ ಎಣಿಕೆಯನ್ನು ಅವರು ನುಡಿಸುವುದೇ ಇಲ್ಲ, ಮೂವರ ಮನಸ್ಸಿನಲ್ಲಿ ಮಾತ್ರ ಅದು ನಡೆದಿರುತ್ತದೆ. ‘ಮೈ ರೊಮಾನ್ಸ್’ ಇದನ್ನು ಕೇಳಲು ಒಳ್ಳೆಯ ಜಾಗ. ರಿಚರ್ಡ್ ರಾಜರ್ಸ್ ಮತ್ತು ಲೊರೆನ್ಜ್ ಹಾರ್ಟ್ ಜೋಡಿ 1935ರಲ್ಲಿ ‘ಜಂಬೋ’ ಎಂಬ ಬ್ರಾಡ್‌ವೇ ಸಂಗೀತ ನಾಟಕಕ್ಕೆ ಮಾಡಿದ ಹಾಡು ಇದು. ಮೂವತ್ತೆರಡು ಬಾರ್‌ಗಳ ಆವರ್ತ, ಎಂಟೆಂಟು ಬಾರ್‌ಗಳ ನಾಲ್ಕು ಭಾಗ. ಮೊದಲ ಭಾಗದ ಮಟ್ಟೇ ಮೂರನೆಯ ಭಾಗದಲ್ಲಿ ಮರಳುತ್ತದೆ. ಇವಾನ್ಸ್ ಒಬ್ಬರೇ ಲಯ ಸಡಿಲ ಬಿಟ್ಟು ಆರಂಭಿಸುತ್ತಾರೆ, ನಂತರ ಉಳಿದಿಬ್ಬರು ಸೇರಿಕೊಂಡು ಲಯ ಕೂಡುತ್ತದೆ. ಆ ಕೂಡುವ ಗಳಿಗೆಯಿಂದ ಡ್ರಮ್ಸ್ ಒಂದನ್ನೇ ಹಿಂಬಾಲಿಸಿ. ಭಾಗ ಬದಲಾಗುವ ಕಡೆ ಮೋಟಿಯನ್ ಏನಾದರೂ ಗುರುತು ಹಾಕುತ್ತಾರೆಯೇ? ಲಫಾರೋ ಏರಿದಾಗ ಅವರು ಇಳಿಯುತ್ತಾರೆಯೇ? ಕುಚ್ಚು ಕೆಳಗಿಟ್ಟು ಕೋಲು ಹಿಡಿದದ್ದು ಎಲ್ಲಿ? ಉತ್ತರಗಳನ್ನು ಒಂದು ಚೀಟಿಯಲ್ಲಿ ನಿಮಿಷ-ಸೆಕೆಂಡಿನ ಸಮೇತ ಬರೆದಿಡುವ ಅಭ್ಯಾಸ ತುಂಬಾ ಒಳ್ಳೆಯದು. ಎರಡನೆಯ ಸಲ ಕೇಳುವಾಗ ಆ ಚೀಟಿಯೇ ನಕ್ಷೆ.

ಈಗ ಪಿಯಾನೋ

ಬೇಸ್ ಮತ್ತು ಡ್ರಮ್ಸ್ ಕಿವಿಗೆ ಒಗ್ಗಿದ ಮೇಲೆ ಪಿಯಾನೋಗೆ ಬಂದರೆ ಇವಾನ್ಸ್ ಮಾಡಿದ್ದೇನು ಎಂಬುದು ನಿಚ್ಚಳವಾಗುತ್ತದೆ. ಬಹಳ ಕಡೆ ಅವರ ಎಡಗೈ ಕಾರ್ಡಿನ ಮೂಲ ಸ್ವರವನ್ನೇ ನುಡಿಸುವುದಿಲ್ಲ. ಅಡಿಪಾಯದ ಆ ಸ್ವರವನ್ನು ಬೇಸ್‌ಗೆ ಬಿಟ್ಟುಕೊಟ್ಟು, ಮಧ್ಯದ ಸ್ಥಾಯಿಯಲ್ಲಿ ಮೂರು ನಾಲ್ಕು ಸ್ವರಗಳನ್ನು ಒತ್ತೊತ್ತಾಗಿ ಇಡುತ್ತಾರೆ. ಹೀಗೆ ಕೆಳಗೆ ಜಾಗ ತೆರವಾದದ್ದರಿಂದಲೇ ಲಫಾರೋಗೆ ಅಷ್ಟು ಓಡಾಡಲು ಸಾಧ್ಯವಾಯಿತು. ಲಫಾರೋ ಎಷ್ಟೋ ಸಲ ಆ ಸ್ವರವನ್ನು ತಾವೂ ನುಡಿಸುವುದಿಲ್ಲ. ಕೇಳುವವರ ಕಿವಿಯೇ ಅದನ್ನು ತುಂಬಿಕೊಳ್ಳುತ್ತದೆ.

ಇದನ್ನು ಪರೀಕ್ಷಿಸಲು ‘ಸಮ್ ಅದರ್ ಟೈಮ್’ಗಿಂತ ಒಳ್ಳೆಯ ಜಾಗವಿಲ್ಲ. ಲಿಯೊನಾರ್ಡ್ ಬರ್ನ್‌ಸ್ಟೈನ್ 1944ರಲ್ಲಿ ‘ಆನ್ ದ ಟೌನ್’ ನಾಟಕಕ್ಕೆ ಮಾಡಿದ ಹಾಡು. ಎಡಗೈ ಎರಡು ಕಾರ್ಡ್‌ಗಳ ನಡುವೆ ಹೋಗಿ ಬಂದು, ಹೋಗಿ ಬಂದು ಮಾಡುತ್ತದೆ. ಅದರ ಮೇಲೆ ಬಲಗೈ ಬಹಳ ಬಿಡಿಬಿಡಿಯಾಗಿ ಹಾಡುತ್ತದೆ. 1958ರಲ್ಲಿ ಇದೇ ಹಾಡಿಗೆ ಪೀಠಿಕೆ ನುಡಿಸುತ್ತಾ ಕೂತಿದ್ದಾಗ ಇವಾನ್ಸ್‌ಗೆ ಆ ಎರಡು ಕಾರ್ಡುಗಳ ತೂಗಾಟ ಎಷ್ಟು ಹಿಡಿಸಿತೆಂದರೆ, ಹಾಡನ್ನೇ ಬಿಟ್ಟು ಅದರ ಮೇಲೊಂದು ಹೊಸ ರಚನೆ ಮಾಡಿದರು. ‘ಪೀಸ್ ಪೀಸ್’ ಎಂಬ ಆ ಏಕವ್ಯಕ್ತಿ ವಾದನ ‘ಎವ್ರಿಬಡಿ ಡಿಗ್ಸ್ ಬಿಲ್ ಇವಾನ್ಸ್’ ಆಲ್ಬಂನಲ್ಲಿದೆ. ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಂನ ಕೊನೆಯ ರಚನೆ ‘ಫ್ಲೆಮೆಂಕೋ ಸ್ಕೆಚಸ್’ ತೆರೆದುಕೊಳ್ಳುವುದೂ ಅದೇ ತೂಗಾಟದ ಮೇಲೆ. ಅಲ್ಲಿ ಪಿಯಾನೋ ಇವಾನ್ಸ್ ಅವರದೇ. ಮೂರನ್ನೂ ಒಂದೇ ಸಂಜೆ ಸಾಲಾಗಿ ಕೇಳುವುದು ಈ ಇಡೀ ಲೇಖನದಲ್ಲಿ ಹೇಳಿದ ಅಭ್ಯಾಸಗಳಲ್ಲೆಲ್ಲ ಅತ್ಯಂತ ಫಲ ಕೊಡುವಂಥದ್ದು. ಒಬ್ಬ ಸಂಗೀತಗಾರ ಒಂದು ಸಣ್ಣ ಸಾಮಗ್ರಿಯನ್ನು ಮೂರು ವರ್ಷಗಳಲ್ಲಿ ಒಬ್ಬರಾಗಿ, ಆರು ಜನರ ನಡುವೆ, ಮೂವರ ಕೂಟದಲ್ಲಿ ಹೇಗೆ ಬಳಸಿದ ಎಂದು ಕಿವಿಯಾರೆ ತಿಳಿಯುತ್ತದೆ.

ಕೊನೆಯ ‘ಮೈಲ್‌ಸ್ಟೋನ್ಸ್’ ಮೈಲ್ಸ್ ಡೇವಿಸ್ ಅವರ 1958ರ ರಚನೆ. ವೇಗದ್ದು. ಇದರಲ್ಲಿ ಕಾರ್ಡ್‌ಗಳ ಉದ್ದ ಸಾಲಿಲ್ಲ. ನಲವತ್ತು ಬಾರ್‌ಗಳ ಆವರ್ತಕ್ಕೆ ಎರಡೇ ಸ್ವರಶ್ರೇಣಿ. ಮೊದಲ ಹದಿನಾರು ಬಾರ್ ಒಂದು ಶ್ರೇಣಿ, ಮುಂದಿನ ಹದಿನಾರು ಇನ್ನೊಂದು, ಕೊನೆಯ ಎಂಟು ಮತ್ತೆ ಮೊದಲಿನದು. ರಾಗ ಬದಲಾದರೆ ಥಟ್ಟನೆ ಗುರುತಿಸುವ ನಮ್ಮ ಕೇಳುಗರಿಗೆ ಇದು ಬ್ಲೂಸ್‌ಗಿಂತಲೂ ಬೇಗ ಒಲಿಯಬಹುದು. ಎಣಿಸುವುದನ್ನು ಬಿಟ್ಟು ಶ್ರೇಣಿ ಬದಲಾಗುವ ಗಳಿಗೆಗೆ ಕಾಯಿರಿ. ಈ ರಚನೆಯಲ್ಲಿ ಲಫಾರೋ ಪಿಯಾನೋ ಜೊತೆಗೇ ಓಡುತ್ತಾರೆ, ಯಾರು ಮುಂದೆ ಯಾರು ಹಿಂದೆ ಎಂದು ಹೇಳುವುದೇ ಕಷ್ಟ. ಬೇಸ್ ಮೊದಲು ಕೇಳಿ ಬಂದವರಿಗೆ ಅದು ಗೊಂದಲ ಅನಿಸುವುದಿಲ್ಲ.

ಒಂದೇ ದಿನ, ಎರಡು ಟೇಕ್

ಆ ಭಾನುವಾರ ಟ್ರಿಯೋ ಕೆಲವು ರಚನೆಗಳನ್ನು ಎರಡು ಸಲ ನುಡಿಸಿತು, ಕೋಲ್ ಪೋರ್ಟರ್ ಅವರ ‘ಆಲ್ ಆಫ್ ಯೂ’ವನ್ನು ಮೂರು ಸಲ. ‘ವಾಲ್ಟ್ಸ್ ಫಾರ್ ಡೆಬಿ’ ರಚನೆಯ ಎರಡು ಟೇಕ್‌ಗಳೂ ಸಿಗುತ್ತವೆ. ಮೂಲ ಆಲ್ಬಂನಲ್ಲಿರುವುದು ಎರಡನೆಯದು. ಆರಂಭದಲ್ಲಿ ನಿಲ್ಲಿಸಿ ಎಂದಿದ್ದ ಆ ಹೆಚ್ಚುವರಿ ಟೇಕ್‌ಗಳಿಗೆ ಈಗ ಹೋಗಬಹುದು.

ಎರಡನ್ನೂ ಒಂದರ ಹಿಂದೊಂದು ಹಾಕಿ, ಮಟ್ಟಿನ ಭಾಗದಲ್ಲಿ ಬೇಸ್ ಏನು ಮಾಡಿತು ಎಂಬುದನ್ನಷ್ಟೇ ಹೋಲಿಸಿ. ಮೊದಲೇ ಬರೆದಿಟ್ಟದ್ದು ಯಾವುದು, ಆ ಗಳಿಗೆಯಲ್ಲಿ ಹೊಳೆದದ್ದು ಯಾವುದು ಎಂಬುದು ಪುಸ್ತಕ ಓದಿದರೆ ಗೊತ್ತಾಗುವುದಕ್ಕಿಂತ ಚೆನ್ನಾಗಿ ಇಲ್ಲಿ ಗೊತ್ತಾಗುತ್ತದೆ. ಎರಡರಲ್ಲೂ ಹಾಗೇ ಇದ್ದದ್ದು ಕಟ್ಟಡ. ಬದಲಾದದ್ದು ಮನೋಧರ್ಮ. ಯಾವ ಟೇಕ್ ಉತ್ತಮ ಎಂಬ ಪ್ರಶ್ನೆಗೆ ನಿರ್ಮಾಪಕರ ಆಯ್ಕೆಯನ್ನೇ ಒಪ್ಪಬೇಕೆಂದಿಲ್ಲ.

ಮುಂದಿನ ಆಲ್ಬಂಗಳು

ಜೊತೆಯ ಆಲ್ಬಂ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ ಸಹಜವಾಗಿ ಮುಂದಿನದು. ಲಫಾರೋ ಅವರ ‘ಗ್ಲೋರಿಯಾಸ್ ಸ್ಟೆಪ್’ ಎಣಿಸುವವರಿಗೆ ಒಳ್ಳೆಯ ಸವಾಲು: ಎಂಟೆಂಟು ಬಾರ್‌ಗಳ ಬದಲು ಐದು ಬಾರ್‌ಗಳ ವಾಕ್ಯಗಳು. ಕೊನೆಯ ‘ಜೇಡ್ ವಿಷನ್ಸ್’ ಒಂಬತ್ತರ ಲಯದಲ್ಲಿದೆ, ಅಲ್ಲಿ ಬೇಸ್ ಎರಡು ತಂತಿಗಳನ್ನು ಒಟ್ಟಿಗೆ ನುಡಿಸುತ್ತದೆ.

ಆಮೇಲೆ ಬೇರೆ ಮನೆತನದ ಟ್ರಿಯೋ ಒಂದನ್ನು ಕೇಳಬೇಕು. ಅಹ್ಮದ್ ಜಮಾಲ್ 1958ರ ಜನವರಿಯಲ್ಲಿ ಷಿಕಾಗೋದ ಪರ್ಷಿಂಗ್ ಹೋಟೆಲಿನಲ್ಲಿ ಧ್ವನಿಮುದ್ರಿಸಿದ ‘ಬಟ್ ನಾಟ್ ಫಾರ್ ಮಿ’ ಅದಕ್ಕೆ ತಕ್ಕುದು. ಬೇಸ್ ಇಸ್ರೇಲ್ ಕ್ರಾಸ್ಬಿ, ಡ್ರಮ್ಸ್ ವರ್ನೆಲ್ ಫೋರ್ನಿಯೇ. ಇವಾನ್ಸ್ ಟ್ರಿಯೋ ಜಾಗ ಸಿಕ್ಕಲ್ಲೆಲ್ಲ ಮಾತಾಡಿದರೆ ಜಮಾಲ್ ಟ್ರಿಯೋ ಜಾಗವನ್ನು ಖಾಲಿ ಬಿಟ್ಟೇ ಕೆಲಸ ಸಾಧಿಸುತ್ತದೆ. ಎಂಟು ನಿಮಿಷದ ‘ಪಾಯಿನ್ಸಿಯಾನ’ದಲ್ಲಿ ಫೋರ್ನಿಯೇ ಅವರ ಲಯದ ನೇಯ್ಗೆ ಇಬ್ಬರು ಕೂತು ನುಡಿಸಿದಂತೆ ಕೇಳಿಸುತ್ತದೆ. ಕೀತ್ ಜ್ಯಾರೆಟ್, ಗ್ಯಾರಿ ಪೀಕಾಕ್, ಜಾಕ್ ಡಿಜಾನೆಟ್ ಮೂವರ 1983ರ ‘ಸ್ಟ್ಯಾಂಡರ್ಡ್ಸ್’ ಮೊದಲ ಸಂಪುಟ ಇವಾನ್ಸ್ ದಾರಿಯನ್ನು ಮುಂದುವರಿಸಿದ್ದು. ತಮಿಳು ಮೂಲದ ಅಮೆರಿಕನ್ ಪಿಯಾನೋ ವಾದಕ ವಿಜಯ್ ಅಯ್ಯರ್ ಅವರ 2009ರ ‘ಹಿಸ್ಟಾರಿಸಿಟಿ’ಯಲ್ಲಿ ಲಯದ ಲೆಕ್ಕಾಚಾರ ಇನ್ನೂ ಬಿಗಿ, ಕರ್ನಾಟಕ ಸಂಗೀತದ ಲಯಕ್ಕೆ ಒಗ್ಗಿದ ಕಿವಿಗಳಿಗೆ ಅದು ಹತ್ತಿರವೆನಿಸಬಹುದು. ಟ್ರಿಯೋ ಅಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದ ಇನ್ನೊಂದಿದೆ. ಬೆಂಗಳೂರಿನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ಜೊತೆ 1983ರಲ್ಲಿ ಮಾಡಿದ ‘ಜ್ಯೋತಿ’.

ಇವಾನ್ಸ್ ಅವರನ್ನೇ ಮುಂದುವರಿಸಲು ಬಯಸುವವರಿಗೆ 1980ರ ಜೂನ್ ಇದೆ. ಅದೇ ವಿಲೇಜ್ ವ್ಯಾನ್‌ಗಾರ್ಡ್. ಆದರೆ ಬೇಸ್ ಮಾರ್ಕ್ ಜಾನ್ಸನ್, ಡ್ರಮ್ಸ್ ಜೋ ಲಬಾರ್ಬೆರಾ. ಆ ವರ್ಷ ಸೆಪ್ಟೆಂಬರ್ 15ರಂದು ಇವಾನ್ಸ್ ತೀರಿಕೊಂಡರು, ಆ ಧ್ವನಿಮುದ್ರಣಗಳು ‘ಟರ್ನ್ ಔಟ್ ದ ಸ್ಟಾರ್ಸ್’ ಎಂಬ ಹೆಸರಿನಲ್ಲಿ ಬಂದವು. ಅದರಲ್ಲಿ ‘ಮೈ ರೊಮಾನ್ಸ್’ ಮತ್ತೆ ಇದೆ, ಈಗ ಡ್ರಮ್ಸ್‌ಗೆ ಉದ್ದನೆಯ ಸೋಲೋ ಸಮೇತ. 1961ರದನ್ನು ಮೊದಲು ಹಾಕಿ, ಇದನ್ನು ಅದರ ಹಿಂದೆಯೇ ಹಾಕಿ. ಬರೆದಿಟ್ಟ ಚೀಟಿ ಕೈಯಲ್ಲಿರಲಿ: ಎಂಟು ಬಾರ್‌ಗಳ ಆ ನಾಲ್ಕು ಭಾಗಗಳ ಜಾಡು ಹತ್ತೊಂಬತ್ತು ವರ್ಷಗಳ ಮೇಲೂ ಎಲ್ಲೆಲ್ಲಿ ಸಿಗುತ್ತದೆ, ವೇಗ ಎಷ್ಟು ಏರಿದೆ, ಜಾನ್ಸನ್ ಎಲ್ಲಿ ಎಣಿಕೆಗೊಂದು ಸ್ವರ ನುಡಿಸುತ್ತಾರೆ, ಲಫಾರೋ ಅಲ್ಲಿ ಏನು ನುಡಿಸಿದ್ದರು ಎಂದು ಸಾಲು ಸಾಲಾಗಿ ತಾಳೆ ನೋಡಿ.